ಸೋಲೇ ಹೆಚ್ಚಿದ್ದ ಮ್ಯಾನೇಜರ್‌ಗೆ ಪ್ರತಿಮೆ ಯಾಕೆ?

ಪ್ರಶ್ನೆ: ನಾನು ಮೈಸೂರಿನವನು, ನಿವೃತ್ತ ಬ್ಯಾಂಕ್ ನೌಕರ. ಸದ್ಯ ಅಮೆರಿಕದ ಒಹಾಯೊದಲ್ಲಿ ಮಗಳ ಮನೆಯಲ್ಲಿದ್ದೇನೆ. ಹೋದ ವಾರ ಕ್ಲೀವ್‌ಲ್ಯಾಂಡ್‌ನಲ್ಲಿ ಬೇಸ್‌ಬಾಲ್ ಪಂದ್ಯ ನೋಡಲು ಹೋಗಿದ್ದೆವು. ಅಲ್ಲಿ ಫ್ರಾಂಕ್ ರಾಬಿನ್ಸನ್ ಎಂಬವರ ಕಂಚಿನ ಪ್ರತಿಮೆ ಇತ್ತು. ಮೊಮ್ಮಗ ‘ಅಜ್ಜ, ಇವರ ಕೈಯಲ್ಲಿ ಬ್ಯಾಟ್ ಯಾಕಿಲ್ಲ?’ ಅಂತ ಕೇಳಿದ. ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಹುಡುಕಿದರೆ, ಮ್ಯಾನೇಜರ್ ಆಗಿ ಅವರು ಗೆದ್ದ ಪಂದ್ಯ 1,065, ಸೋತದ್ದು 1,176. ಸೋಲೇ ಹೆಚ್ಚಿದ್ದವರಿಗೆ ಪ್ರತಿಮೆ ಯಾಕೆ? ಬೇಸ್‌ಬಾಲ್ ಮ್ಯಾನೇಜರ್ ಅಂದರೆ ನಮ್ಮ ಕ್ರಿಕೆಟ್ ಕೋಚ್ ಇದ್ದ ಹಾಗೆಯೇ? ದೊಡ್ಡ ಆಟಗಾರ ಒಳ್ಳೆಯ ಮ್ಯಾನೇಜರ್ ಆಗಬಲ್ಲನೇ?

ಉತ್ತರ: ನಿಮ್ಮ ಮೊಮ್ಮಗನ ಕಣ್ಣು ಬಿದ್ದದ್ದು ಸರಿಯಾದ ಜಾಗದ ಮೇಲೆಯೇ. ರಾಬಿನ್ಸನ್ ಅವರ ಪ್ರತಿಮೆಗಳು ಮೂರು ಊರುಗಳಲ್ಲಿವೆ. ಸಿನ್ಸಿನಾಟಿಯಲ್ಲೂ ಬಾಲ್ಟಿಮೋರ್‌ನಲ್ಲೂ ಅವರು ಬ್ಯಾಟ್ ಬೀಸುತ್ತಿದ್ದಾರೆ. 2017ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ನಿಲ್ಲಿಸಿದ ಪ್ರತಿಮೆಯ ಕೈಯಲ್ಲಿ ಮಾತ್ರ ಒಂದು ಚೀಟಿ. ಅದನ್ನು ಲೈನ್‌ಅಪ್ ಕಾರ್ಡ್ ಅನ್ನುತ್ತಾರೆ. ಅವತ್ತು ಯಾರು ಆಡುತ್ತಾರೆ, ಯಾವ ಕ್ರಮದಲ್ಲಿ ಬ್ಯಾಟ್ ಹಿಡಿಯುತ್ತಾರೆ, ಯಾರು ಎಲ್ಲಿ ನಿಲ್ಲುತ್ತಾರೆ ಎಂದು ಬರೆದು, ಆಟ ಶುರುವಾಗುವ ಮುಂಚೆ ಅಂಪೈರ್ ಕೈಗೆ ಕೊಡುವ ಕಾಗದ. ಆ ಕಾಗದ ಕೊಡುವ ಅಧಿಕಾರ ಮ್ಯಾನೇಜರ್‌ಗೆ ಸೇರಿದ್ದು. 1975ರ ತನಕ ಅಮೆರಿಕದ ಅತ್ಯುನ್ನತ ದರ್ಜೆಯ ಬೇಸ್‌ಬಾಲ್ ಆದ ಮೇಜರ್ ಲೀಗ್‌ನಲ್ಲಿ ಆ ಅಧಿಕಾರ ಒಬ್ಬನೇ ಒಬ್ಬ ಕಪ್ಪು ವರ್ಣೀಯನಿಗೂ ಸಿಕ್ಕಿರಲಿಲ್ಲ. ಮೊದಲು ಸಿಕ್ಕಿದ್ದು ರಾಬಿನ್ಸನ್‌ಗೆ, ಅದೂ ಕ್ಲೀವ್‌ಲ್ಯಾಂಡ್‌ನಲ್ಲಿ.

ಕ್ರಿಕೆಟ್ ಬಲ್ಲವರಿಗೆ ಇಲ್ಲಿ ಒಂದು ತೊಡಕು ಬರುತ್ತದೆ. ನಮ್ಮಲ್ಲಿ ಮೈದಾನದೊಳಗೆ ಯಜಮಾನ ನಾಯಕ. ಬೌಲರ್ ಬದಲಾಯಿಸುವವನು ಅವನು, ಫೀಲ್ಡ್ ಜೋಡಿಸುವವನು ಅವನು. ಕೋಚ್ ಪೆವಿಲಿಯನ್‌ನಲ್ಲಿ ಕೂತು ನೋಡಬೇಕು. ಬೇಸ್‌ಬಾಲ್‌ನಲ್ಲಿ ಆ ನಾಯಕನ ಕೆಲಸವೆಲ್ಲ ಮ್ಯಾನೇಜರ್‌ನದು. ಪಿಚರ್ (ಚೆಂಡೆಸೆಯುವವನು) ಸುಸ್ತಾದನೇ, ತೆಗೆಯಬೇಕೇ, ಯಾರನ್ನು ಕರೆಸಬೇಕು, ಬೇಸ್ ಮೇಲಿರುವವನು ಓಡಬೇಕೇ ನಿಲ್ಲಬೇಕೇ, ಎಲ್ಲವೂ ಡಗ್‌ಔಟ್‌ನಿಂದ (ಮೈದಾನದ ಅಂಚಿನಲ್ಲಿ ತಂಡ ಕೂರುವ ಜಾಗ) ಹೊರಡುವ ಸನ್ನೆಯಂತೆ. ಕ್ರಿಕೆಟ್‌ನಲ್ಲಿ ನಾಯಕ ಬ್ಯಾಟಿಂಗ್ ಕ್ರಮವನ್ನು ಮಧ್ಯದಲ್ಲೇ ಬದಲಿಸಬಹುದು. ಬೇಸ್‌ಬಾಲ್‌ನಲ್ಲಿ ಚೀಟಿಯಲ್ಲಿ ಬರೆದ ಕ್ರಮವೇ ಕೊನೆಯ ತನಕ. ಒಮ್ಮೆ ಹೊರಗೆ ಕರೆಸಿದ ಆಟಗಾರ ಆ ಪಂದ್ಯಕ್ಕೆ ಮತ್ತೆ ಬರುವ ಹಾಗೂ ಇಲ್ಲ. ಒಂದು ಋತುವಿಗೆ 162 ಪಂದ್ಯ, ಹೆಚ್ಚುಕಮ್ಮಿ ದಿನಾ ಆಟ. ಹೀಗಾಗಿ ಮ್ಯಾನೇಜರ್ ದಿನಾ ಯಾರೋ ಒಬ್ಬನಿಗೆ ‘ಇವತ್ತು ನೀನು ಬೇಡ’ ಅನ್ನಬೇಕಾಗುತ್ತದೆ. ಅರವತ್ತು, ಎಪ್ಪತ್ತು ವಯಸ್ಸಿನ ಮ್ಯಾನೇಜರ್ ಕೂಡ ಆಟಗಾರರ ಸಮವಸ್ತ್ರವನ್ನೇ ಹಾಕಿಕೊಂಡು ಕೂರುವುದನ್ನು ನೀವು ನೋಡಿರುತ್ತೀರಿ. ಹಿಂದೆ ಆಟಗಾರರಲ್ಲೇ ಒಬ್ಬ ಮ್ಯಾನೇಜರ್ ಆಗಿರುತ್ತಿದ್ದ ಕಾಲದಿಂದ ಉಳಿದುಕೊಂಡ ರೂಢಿ ಅದು.

ಇನ್ನು ರಾಬಿನ್ಸನ್ ಕಥೆ. ಹುಟ್ಟಿದ್ದು 1935ರಲ್ಲಿ ಟೆಕ್ಸಸ್‌ನ ಬೊಮಾಂಟ್‌ನಲ್ಲಿ, ಹತ್ತು ಮಕ್ಕಳಲ್ಲಿ ಕೊನೆಯವನಾಗಿ. ಬೆಳೆದದ್ದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ, ತಾಯಿಯ ಆಸರೆಯಲ್ಲಿ. ಮೆಕ್‌ಕ್ಲೈಮಂಡ್ಸ್ ಹೈಸ್ಕೂಲಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಜೊತೆಗಾರ ಬಿಲ್ ರಸೆಲ್. ಹೌದು, ಮುಂದೆ ಬಾಸ್ಕೆಟ್‌ಬಾಲ್‌ನ ದಂತಕಥೆಯಾದ ಅದೇ ರಸೆಲ್. 1953ರಲ್ಲಿ ಹದಿನೇಳರ ಹುಡುಗನನ್ನು ಕೆಳದರ್ಜೆಯ ಲೀಗ್ ಆಡಲು ಯೂಟಾದ ಆಗ್ಡೆನ್‌ಗೆ ಕಳಿಸಿದರು. ಅಲ್ಲಿ ಸಿನಿಮಾ ನೋಡಲು ಹೋದರೆ ಟಿಕೆಟ್ ಕೊಡದೆ ವಾಪಸ್ ಕಳಿಸಿದರು, ಮೈಬಣ್ಣದ ಕಾರಣಕ್ಕೆ. ಓಕ್‌ಲ್ಯಾಂಡ್‌ನಲ್ಲಿ ಬೆಳೆದವನಿಗೆ ಅದು ಹೊಸ ಅನುಭವ. ಮುಂದಿನ ಎರಡು ವರ್ಷ ದಕ್ಷಿಣ ಕೆರೊಲಿನಾದಲ್ಲಿ ಆಡುವಾಗ ಅದೇ ದಿನನಿತ್ಯದ ಪಾಡಾಯಿತು.

1956ರಲ್ಲಿ ಸಿನ್ಸಿನಾಟಿ ರೆಡ್ಸ್ ಪರ ಮೊದಲ ವರ್ಷವೇ 38 ಹೋಮ್ ರನ್ (ನಮ್ಮ ಸಿಕ್ಸರ್‌ನಂತೆ ಚೆಂಡು ಗೋಡೆ ದಾಟುವ ಹೊಡೆತ). ಹೊಸಬರ ಅಂದಿನ ದಾಖಲೆಗೆ ಸರಿಸಮ. ಅವರು ನಿಲ್ಲುತ್ತಿದ್ದ ರೀತಿಯನ್ನು ಒಂದು ಕ್ಷಣ ಕಣ್ಣಮುಂದೆ ತಂದುಕೊಳ್ಳಿ. ಕಾಲು ಪ್ಲೇಟಿಗೆ (ಬ್ಯಾಟರ್ ಪಕ್ಕದಲ್ಲಿ ನಿಲ್ಲುವ ನೆಲದ ಬಿಳಿ ಹಲಗೆ) ಒತ್ತಿಕೊಂಡಂತೆ, ತಲೆ ಮುಂದಕ್ಕೆ ಬಾಗಿ, ಚೆಂಡು ಬರುವ ದಾರಿಯ ಮೇಲೆಯೇ. ಗಂಟೆಗೆ 150 ಕಿಲೋಮೀಟರ್ ವೇಗದ ಚೆಂಡನ್ನು ‘ಹೊಡಿ, ನಾನು ಕದಲುವುದಿಲ್ಲ’ ಎಂದು ಕರೆಯುವ ನಿಲುವು ಅದು. ವೃತ್ತಿಜೀವನದಲ್ಲಿ 198 ಸಲ ಚೆಂಡು ಅವರ ಮೈಗೆ ಬಡಿದಿದೆ. ಪೆಟ್ಟು ತಿಂದ ಮೇಲೆ ಇನ್ನೂ ಜೋರಾಗಿ ಹೊಡೆಯುತ್ತಿದ್ದರಿಂದ, ಎದುರಾಳಿ ಮ್ಯಾನೇಜರ್ ಒಬ್ಬರು ರಾಬಿನ್ಸನ್‌ರನ್ನು ಕೆಣಕುವ ತಮ್ಮದೇ ಪಿಚರ್‌ಗಳಿಗೆ ದಂಡ ಹಾಕುತ್ತಿದ್ದರಂತೆ.

ಮೇಜರ್ ಲೀಗ್‌ನೊಳಗೆ ನ್ಯಾಷನಲ್, ಅಮೆರಿಕನ್ ಎಂಬ ಎರಡು ಲೀಗ್‌ಗಳಿವೆ. 1961ರಲ್ಲಿ ನ್ಯಾಷನಲ್ ಲೀಗ್‌ನ ಅತ್ಯಮೂಲ್ಯ ಆಟಗಾರ ರಾಬಿನ್ಸನ್. ಆದರೂ 1965ರ ಡಿಸೆಂಬರ್‌ನಲ್ಲಿ ಸಿನ್ಸಿನಾಟಿ ಅವರನ್ನು ಅಮೆರಿಕನ್ ಲೀಗ್‌ನ ಬಾಲ್ಟಿಮೋರ್ ಓರಿಯೋಲ್ಸ್‌ಗೆ ಕೊಟ್ಟುಬಿಟ್ಟಿತು. ಮೂವತ್ತಾಯಿತು, ಅದೂ ಎಳೆಯ ಮೂವತ್ತಲ್ಲ ಎಂಬ ಅರ್ಥದ ಮಾತನ್ನು ತಂಡದ ಮಾಲೀಕರು ಆಡಿದರು. ಆ ಮಾತು ರಾಬಿನ್ಸನ್‌ಗೆ ಎಷ್ಟು ನಾಟಿತು ಎನ್ನುವುದಕ್ಕೆ 1966 ಸಾಕ್ಷಿ. ಬ್ಯಾಟಿಂಗ್ ಸರಾಸರಿ .316, ಹೋಮ್ ರನ್ 49, ತಂಡಕ್ಕೆ ತಂದುಕೊಟ್ಟ ರನ್ 122. ಮೂರರಲ್ಲೂ ಲೀಗ್‌ಗೇ ಮೊದಲಿಗರು. ಇದನ್ನು ಟ್ರಿಪಲ್ ಕ್ರೌನ್ ಅನ್ನುತ್ತಾರೆ, ತೀರಾ ಅಪರೂಪ. ಅದೇ ವರ್ಷ ವರ್ಲ್ಡ್ ಸೀರೀಸ್‌ನಲ್ಲಿ (ಎರಡೂ ಲೀಗ್‌ಗಳ ವಿಜೇತರ ಅಂತಿಮ ಸರಣಿ) ಬಾಲ್ಟಿಮೋರ್ ಡಾಡ್ಜರ್ಸ್ ತಂಡವನ್ನು 4-0ಯಿಂದ ಮಣಿಸಿತು. ಎರಡೂ ಲೀಗ್‌ಗಳಲ್ಲಿ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಪಡೆದ ಮೊದಲಿಗರಾದರು ರಾಬಿನ್ಸನ್. ಎರಡನೆಯವರಾಗಿ ಶೋಹೆ ಒಟಾನಿ ಬರಲು 2024ರ ತನಕ ಕಾಯಬೇಕಾಯಿತು. 1966ರ ಮೇ 8ರಂದು ಅವರು ಹೊಡೆದ ಒಂದು ಚೆಂಡು ಬಾಲ್ಟಿಮೋರ್‌ನ ಮೆಮೋರಿಯಲ್ ಸ್ಟೇಡಿಯಂ ದಾಟಿ ಹೊರಗೇ ಹೋಗಿ ಬಿತ್ತು. ಚೆಂಡು ಹೊರಬಿದ್ದ ಜಾಗದಲ್ಲಿ ‘ಇಲ್ಲಿ’ ಎಂಬ ಒಂದೇ ಪದವಿದ್ದ ಬಾವುಟ ಕಟ್ಟಿದರು. ತಂಡ ಆ ಮೈದಾನ ಬಿಡುವ ತನಕ ಅದು ಅಲ್ಲಿ ಹಾರುತ್ತಿತ್ತು. ಇಷ್ಟೆಲ್ಲ ಮಾಡಿದ ಮನುಷ್ಯನ ಹೆಂಡತಿ ಬಾರ್ಬರಾ ಅದೇ ಊರಿನಲ್ಲಿ ಬಾಡಿಗೆ ಮನೆ ಹುಡುಕಿ ಸುಸ್ತಾಗಿದ್ದರು. ಬಣ್ಣ ನೋಡಿದ ಕೂಡಲೇ ಬಾಗಿಲು ಮುಚ್ಚುತ್ತಿತ್ತು.

ಓರಿಯೋಲ್ಸ್ ಡ್ರೆಸ್ಸಿಂಗ್ ರೂಮಿನಲ್ಲಿ ಒಂದು ಆಟ ನಡೆಯುತ್ತಿತ್ತು. ಗೆದ್ದ ದಿನ ಪಂದ್ಯ ಮುಗಿದ ಮೇಲೆ ‘ನ್ಯಾಯಾಲಯ’ ಸೇರುತ್ತಿತ್ತು. ನ್ಯಾಯಾಧೀಶರು ರಾಬಿನ್ಸನ್, ತಲೆಯ ಮೇಲೆ ನೆಲ ಒರೆಸುವ ಮಾಪಿನ ದಾರಗಳೇ ವಿಗ್. ತಪ್ಪು ಬೇಸ್‌ಗೆ ಚೆಂಡೆಸೆದವನು, ಸನ್ನೆ ಮರೆತವನು ಎಲ್ಲರಿಗೂ ಒಂದು ಡಾಲರ್ ದಂಡ. ಎಲ್ಲರೂ ನಗುತ್ತಿದ್ದರು. ಆದರೆ ಮಾರನೆಯ ದಿನ ಅದೇ ತಪ್ಪು ಮಾಡುತ್ತಿರಲಿಲ್ಲ. ಅವರೊಳಗೆ ಮ್ಯಾನೇಜರ್ ಹುಟ್ಟಿದ್ದು ಅಲ್ಲೇ ಎಂದು ನಾನು ನಂಬಿದ್ದೇನೆ. ಇಪ್ಪತ್ತೈದು ಮಂದಿಯ ಮುಂದೆ ಒಬ್ಬನ ತಪ್ಪನ್ನು ಎತ್ತಿ ಆಡಿಯೂ ಅವನ ಮುಖ ಉಳಿಸುವುದು ಸುಲಭದ ವಿದ್ಯೆಯಲ್ಲ.

1968ರಲ್ಲಿ ಅರ್ಲ್ ವೀವರ್ ಓರಿಯೋಲ್ಸ್ ಮ್ಯಾನೇಜರ್ ಆದರು. ಚಳಿಗಾಲದಲ್ಲಿ ಪೋರ್ಟೊರಿಕೋದ ಸಂತುರ್ಸೆ ತಂಡ ನಡೆಸುತ್ತಿದ್ದವರು ಅವರೇ. ಆ ಜಾಗ ಖಾಲಿಯಾದಾಗ ರಾಬಿನ್ಸನ್ ಹೆಸರು ಹೇಳಿದರು. ಅಲ್ಲಿಂದ ಹಲವು ವರ್ಷ, ಬೇಸಿಗೆಯೆಲ್ಲ ಮೇಜರ್ ಲೀಗ್‌ನಲ್ಲಿ ಆಡಿ, ಬೇರೆ ತಾರೆಯರು ವಿಶ್ರಾಂತಿ ತೆಗೆದುಕೊಳ್ಳುವ ಚಳಿಗಾಲದಲ್ಲಿ ರಾಬಿನ್ಸನ್ ಸಾನ್ ಹುವಾನ್‌ಗೆ ಹೋಗಿ ತಂಡ ನಡೆಸಿದರು. ಒಂದು ವರ್ಷ ರೆಜಿ ಜಾಕ್ಸನ್ ಎಂಬ ಯುವಕ, ಕೆಟ್ಟದಾಗಿ ಹೋದ ಋತುವಿನ ನಂತರ, ಮುಂಗೋಪ ಹೊತ್ತುಕೊಂಡು ಅವರ ಕೈಕೆಳಗೆ ಆಡಲು ಬಂದ. ಸಿಟ್ಟನ್ನು ಹಿಡಿತದಲ್ಲಿಡುವುದನ್ನು ಕಲಿತದ್ದು ಅಲ್ಲಿ ಎಂದು ಜಾಕ್ಸನ್ ಆಮೇಲೆ ಹೇಳಿಕೊಂಡಿದ್ದಾರೆ. ಕೆಲಸ ಕೊಡಿ ಎಂದು ಕೇಳುವ ಮುಂಚೆ ಕೆಲಸ ಕಲಿತು ಇಟ್ಟುಕೊಂಡವರು ರಾಬಿನ್ಸನ್. ‘ಅನುಭವ ಇಲ್ಲ’ ಎಂಬ ನೆಪಕ್ಕೆ ಅವರು ಜಾಗವನ್ನೇ ಉಳಿಸಿರಲಿಲ್ಲ.

ಯಾಕೆಂದರೆ ಆ ನೆಪ ಬಹಳ ಹಳೆಯದು. 1947ರಲ್ಲಿ ಜಾಕಿ ರಾಬಿನ್ಸನ್, ಕಪ್ಪು ಆಟಗಾರರನ್ನು ದೂರವಿಟ್ಟಿದ್ದ ಮೇಜರ್ ಲೀಗ್‌ನ ವರ್ಣಗೋಡೆ ಒಡೆದರು (ಇಬ್ಬರಿಗೂ ನೆಂಟಸ್ತಿಕೆ ಇಲ್ಲ, ಹೆಸರಷ್ಟೇ ಒಂದು). ಕಾಲು ಶತಮಾನದ ನಂತರ, 1972ರ ವರ್ಲ್ಡ್ ಸೀರೀಸ್ ವೇಳೆ, ಸಿನ್ಸಿನಾಟಿಯಲ್ಲಿ ಅವರಿಗೆ ಸನ್ಮಾನ ನಡೆಯಿತು. ಆ ಹೊತ್ತಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿತ್ತು. ಮೈಕ್ ಮುಂದೆ ನಿಂತು, ಧನ್ಯವಾದ ಹೇಳಿ, ಒಂದು ದಿನ ಮೂರನೇ ಬೇಸ್ ಕಡೆ ನೋಡಿದಾಗ ಅಲ್ಲಿ ತಂಡ ನಡೆಸುವ ಕಪ್ಪು ಮುಖ ಕಂಡರೆ ನನಗೆ ಇನ್ನೂ ಹೆಮ್ಮೆಯಾದೀತು ಎಂದರು. ಒಂಬತ್ತು ದಿನಕ್ಕೆ ತೀರಿಕೊಂಡರು.

1974ರ ಅಕ್ಟೋಬರ್ 3ರಂದು ಕ್ಲೀವ್‌ಲ್ಯಾಂಡ್ ತಂಡ (ಅಂದು ಇಂಡಿಯನ್ಸ್, ನೀವು ನೋಡಿದ ಇಂದಿನ ಗಾರ್ಡಿಯನ್ಸ್) ರಾಬಿನ್ಸನ್‌ರನ್ನು ಆಟಗಾರ-ಮ್ಯಾನೇಜರ್ ಎಂದು ನೇಮಿಸಿತು. 1975ರ ಏಪ್ರಿಲ್ 8, ಮೊದಲ ಪಂದ್ಯ, ಎದುರಾಳಿ ನ್ಯೂಯಾರ್ಕ್ ಯಾಂಕೀಸ್. ಕೊರೆಯುವ ಚಳಿ. ಐವತ್ತಾರು ಸಾವಿರಕ್ಕೂ ಹೆಚ್ಚು ಜನ. ಆರಂಭದ ಚೆಂಡು ಎಸೆದವರು ಜಾಕಿಯವರ ಪತ್ನಿ ರೇಚಲ್. ಚೀಟಿಯಲ್ಲಿ ತಮ್ಮ ಹೆಸರು ಬರೆದುಕೊಳ್ಳಲು ರಾಬಿನ್ಸನ್‌ಗೆ ಅವತ್ತು ಮನಸ್ಸಿರಲಿಲ್ಲ, ತಂಡ ನಡೆಸುವುದರ ಮೇಲೇ ಗಮನ ಇಡಬೇಕೆಂದುಕೊಂಡಿದ್ದರು. ಆಟಗಾರರ ನೇಮಕ ನೋಡಿಕೊಳ್ಳುವ ಜನರಲ್ ಮ್ಯಾನೇಜರ್ ಫಿಲ್ ಸೆಗಿ ಒತ್ತಾಯ ಮಾಡಿದ್ದಕ್ಕೆ ಎರಡನೇ ಬ್ಯಾಟರ್ ಆಗಿ ಬರೆದುಕೊಂಡರು. ಪಿಚರ್ ಡಾಕ್ ಮೆಡಿಚ್. ಮೊದಲ ಎರಡು ಸ್ಟ್ರೈಕ್ ಬೇಗನೆ ಬಿದ್ದವು (ಮೂರು ಬಿದ್ದರೆ ಔಟ್). ಆಮೇಲೆ ಒಂದು ಚೆಂಡು ಎಡಗಡೆ ಗೋಡೆ ದಾಟಿತು. ಮ್ಯಾನೇಜರ್ ಆಗಿ ಮೊದಲ ದಿನ, ಮೊದಲ ಸಲ ಬ್ಯಾಟ್ ಹಿಡಿದು, ಹೋಮ್ ರನ್. ಕ್ಲೀವ್‌ಲ್ಯಾಂಡ್ 5-3ರಿಂದ ಗೆದ್ದಿತು.

ಆ ದಿನದ ಬಗ್ಗೆ ಎಲ್ಲರೂ ಬರೆಯುತ್ತಾರೆ. ನಾನು ಮಾತ್ರ ಪ್ರತಿಮೆಯ ಆ ಚೀಟಿ ನೆನೆದಾಗಲೆಲ್ಲ ಬೇರೊಂದು ಲೆಕ್ಕಕ್ಕೆ ಹೋಗುತ್ತೇನೆ. ರಾಬಿನ್ಸನ್ ಆಟ ನಿಲ್ಲಿಸಿದಾಗ ಅವರ ಹೋಮ್ ರನ್ 586, ಹಿಟ್‌ಗಳು (ಬ್ಯಾಟರ್‌ನನ್ನು ಬೇಸ್ ತಲುಪಿಸುವ ಹೊಡೆತಗಳು) 2,943. ಬೇಸ್‌ಬಾಲ್‌ನಲ್ಲಿ ಮೂರು ಸಾವಿರ ಹಿಟ್ ಅಂದರೆ ದೇವಸ್ಥಾನದ ಗರ್ಭಗುಡಿ ಇದ್ದ ಹಾಗೆ. ಬೇಕಿದ್ದದ್ದು ಬರೇ 57. ಯಾರನ್ನೂ ಕೇಳಬೇಕಾಗಿರಲಿಲ್ಲ, ಚೀಟಿ ಬರೆಯುವ ಪೆನ್ನು ಅವರ ಕೈಯಲ್ಲೇ ಇತ್ತು. ದಿನಾ ತಮ್ಮ ಹೆಸರು ಬರೆದುಕೊಂಡಿದ್ದರೆ ಅರ್ಧ ಋತುವಿನಲ್ಲಿ ಮುಗಿಯುತ್ತಿತ್ತು. 1975ರಲ್ಲಿ ಅವರು ಬರೆದುಕೊಂಡದ್ದು 49 ಪಂದ್ಯಗಳಿಗೆ, 1976ರಲ್ಲಿ 36ಕ್ಕೆ. ಭುಜ ನೋಯುತ್ತಿತ್ತು, ವಯಸ್ಸು ನಲವತ್ತು ದಾಟಿತ್ತು, ತಂಡದಲ್ಲಿ ಬೆಳೆಯಬೇಕಾದ ಹುಡುಗರಿದ್ದರು. ತಮ್ಮ ಜಾಗ ಆ ಹುಡುಗರಿಗೆ ಕೊಟ್ಟರು. ಮೊನ್ನೆ ನಿಮ್ಮ ಮೊಮ್ಮಗ ನೋಡಿದ ಕಾಗದದಲ್ಲಿ ನನಗೆ ಕಾಣುವುದು ಇದು.

ಹಾಗಂತ ಅವರನ್ನು ಸಂತನನ್ನಾಗಿ ಮಾಡಿದರೆ ನಿಮಗೆ ತಪ್ಪು ಉತ್ತರ ಕೊಟ್ಟಂತಾಗುತ್ತದೆ. ಕ್ಲೀವ್‌ಲ್ಯಾಂಡ್‌ನ ಆರಂಭದ ದಿನಗಳಲ್ಲಿ ಅವರು ಕಠಿಣ ಮನುಷ್ಯ. ತನ್ನಂತೆ ಎಲ್ಲರೂ ಪ್ಲೇಟಿಗೆ ಒತ್ತಿ ನಿಲ್ಲಬೇಕು ಎಂಬ ನಿರೀಕ್ಷೆ. ತಂಡದ ದೊಡ್ಡ ಪಿಚರ್ ಗೇಲಾರ್ಡ್ ಪೆರಿ ತನಗೆ ರಾಬಿನ್ಸನ್‌ಗಿಂತ ಒಂದು ಡಾಲರ್ ಹೆಚ್ಚು ಸಂಬಳ ಬೇಕು ಎಂದು ಮೊದಲೇ ಪಟ್ಟು ಹಿಡಿದಿದ್ದರು. ಕಸರತ್ತಿನ ಕ್ರಮದ ವಿಷಯದಲ್ಲೂ ಇಬ್ಬರಿಗೂ ತಿಕ್ಕಾಟ. 1975ರ ಜೂನ್‌ನಲ್ಲಿ ಪೆರಿ ಬೇರೆ ತಂಡಕ್ಕೆ ಹೋದರು. 1976ರಲ್ಲಿ ಟೊಲಿಡೊದ ಒಂದು ಪ್ರದರ್ಶನ ಪಂದ್ಯದಲ್ಲಿ, ತಾವೇ ತಂಡದಿಂದ ಕೈಬಿಟ್ಟಿದ್ದ ಪಿಚರ್ ಒಬ್ಬ ತಮ್ಮ ತಲೆಯ ಮೇಲಿಂದ ಚೆಂಡೆಸೆದಾಗ ರಾಬಿನ್ಸನ್ ಅವನಿಗೆ ಗುದ್ದಿಯೇಬಿಟ್ಟರು. ಮ್ಯಾನೇಜರ್ ಮಾಡುವ ಕೆಲಸ ಅಲ್ಲ ಅದು. ಆದರೂ ಅದೇ ವರ್ಷ ಕ್ಲೀವ್‌ಲ್ಯಾಂಡ್ 81 ಗೆದ್ದು 78 ಸೋತಿತು, 1968ರ ನಂತರ ಮೊದಲ ಸಲ ಗೆಲುವು ಸೋಲಿಗಿಂತ ಹೆಚ್ಚಾಯಿತು. 1977ರ ಜೂನ್‌ನಲ್ಲಿ ಕೆಲಸದಿಂದ ತೆಗೆದರು. ಮೊದಲ ಕಪ್ಪು ಮ್ಯಾನೇಜರ್ ಆದವರೇ ಕೆಲಸ ಕಳೆದುಕೊಂಡ ಮೊದಲ ಕಪ್ಪು ಮ್ಯಾನೇಜರ್ ಕೂಡ ಆದರು.

ಸ್ಯಾನ್‌ಫ್ರಾನ್ಸಿಸ್ಕೋ ಜೈಂಟ್ಸ್ ಅಧ್ಯಾಯವನ್ನು (1981ರಿಂದ 84) ಬೇಗ ದಾಟುತ್ತೇನೆ. 1982ರಲ್ಲಿ 87 ಪಂದ್ಯ ಗೆದ್ದು ಕೊನೆಯ ವಾರದ ತನಕ ಪೈಪೋಟಿಯಲ್ಲಿದ್ದರು, ಅದೇ ವರ್ಷ ಹ್ಯಾಂಕ್ ಆರನ್ ಜೊತೆ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ನಿಮ್ಮ ‘ಸೋಲೇ ಹೆಚ್ಚು’ ಎಂಬ ಮಾತಿಗೆ ನಿಜವಾದ ಉತ್ತರ ಇರುವುದು 1988ರಲ್ಲಿ.

ಆ ಏಪ್ರಿಲ್‌ನಲ್ಲಿ ಓರಿಯೋಲ್ಸ್ ಮೊದಲ ಆರೂ ಪಂದ್ಯ ಸೋತಿತು. ಮ್ಯಾನೇಜರ್‌ರನ್ನು ತೆಗೆದು ರಾಬಿನ್ಸನ್ ಕೈಗೆ ತಂಡ ಕೊಟ್ಟರು. ಮುರಿದ ಬಂಡಿಗೆ ಗಾಡಿಯವನನ್ನು ಬದಲಿಸಿದ ಹಾಗೆ. ಆಮೇಲೂ ಸೋಲು, ಸೋಲು, ಸೋಲು. ಒಟ್ಟು 21 ಸೋಲು, ಒಂದೂ ಗೆಲುವಿಲ್ಲ. ಋತುವಿನ ಆರಂಭದಲ್ಲಿ ಇಷ್ಟು ಸೋತ ತಂಡ ಅದುವರೆಗೆ ಇರಲಿಲ್ಲ. ಅಧ್ಯಕ್ಷ ರೇಗನ್ ಫೋನ್ ಮಾಡಿ ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ ಎಂದರೆ, ಇಲ್ಲ ಸಾರ್, ನಿಮಗೆ ಅರ್ಥವಾಗಲಾರದು ಎನ್ನುವ ಧಾಟಿಯಲ್ಲಿ ರಾಬಿನ್ಸನ್ ಉತ್ತರಿಸಿದರು. ಏಪ್ರಿಲ್ 29ರಂದು ಶಿಕಾಗೋದಲ್ಲಿ 9-0 ಗೆಲುವು. ಅದರ ನಂತರ ಮತ್ತೆರಡು ಸೋತು ತಂಡ ಬಾಲ್ಟಿಮೋರ್‌ಗೆ ಮರಳಿದಾಗ, 23 ಪಂದ್ಯ ಸೋತಿದ್ದ ಆ ತಂಡವನ್ನು ನೋಡಲು ಐವತ್ತು ಸಾವಿರ ಜನ ಸೇರಿದ್ದರು. ಆ ವರ್ಷದ ಕೊನೆಗೆ ಲೆಕ್ಕ: 54 ಗೆಲುವು, 107 ಸೋಲು. ರಾಬಿನ್ಸನ್ ಹೆಸರಿನಲ್ಲಿರುವ 1,176 ಸೋಲುಗಳಲ್ಲಿ 101 ಈ ಒಂದೇ ವರ್ಷದ್ದು. ಮರುವರ್ಷ, ಹೆಚ್ಚಿನವರು ಹೆಸರೂ ಕೇಳದ ಹುಡುಗರನ್ನು ಕಟ್ಟಿಕೊಂಡು, ಅದೇ ತಂಡ 87 ಪಂದ್ಯ ಗೆದ್ದಿತು. ಟೊರಾಂಟೊದಲ್ಲಿ ಕೊನೆಯ ವಾರಾಂತ್ಯದಲ್ಲಷ್ಟೇ ವಿಭಾಗದ ಪ್ರಶಸ್ತಿ ಕೈತಪ್ಪಿತು. ಅಮೆರಿಕನ್ ಲೀಗ್‌ನ ವರ್ಷದ ಮ್ಯಾನೇಜರ್ ರಾಬಿನ್ಸನ್.

ಅಂದರೆ ಅವರ ಕೈಗೆ ಕೊಟ್ಟದ್ದೆಲ್ಲ ಹೆಚ್ಚಾಗಿ ಬೇರೆಯವರಿಗೆ ಬೇಡವಾದ ತಂಡಗಳು. 2002ರಲ್ಲಿ ಕೊಟ್ಟದ್ದು ಇನ್ನೂ ವಿಚಿತ್ರ. ಮಾಂಟ್ರಿಯಲ್ ಎಕ್ಸ್‌ಪೋಸ್ ತಂಡಕ್ಕೆ ಮಾಲೀಕನೇ ಇರಲಿಲ್ಲ, ಲೀಗೇ ಅದನ್ನು ಕೊಂಡು ಮುಚ್ಚುವ ಯೋಚನೆಯಲ್ಲಿತ್ತು. ರಾಬಿನ್ಸನ್ ಆ ತಂಡದಿಂದ ಎರಡು ವರ್ಷವೂ ತಲಾ 83 ಗೆಲುವು ತೆಗೆದರು. 2003ರಲ್ಲಿ ಆಗಸ್ಟ್ ಕೊನೆಗೂ ಪ್ಲೇಆಫ್ (ಪ್ರಶಸ್ತಿಗಾಗಿ ನಡೆಯುವ ಋತುವಿನ ಕೊನೆಯ ಸುತ್ತು) ಆಸೆ ಜೀವಂತವಿತ್ತು. ಸೆಪ್ಟೆಂಬರ್‌ನಲ್ಲಿ ಎಲ್ಲ ತಂಡಗಳೂ ಕೆಳ ಲೀಗ್‌ನಿಂದ ಹೆಚ್ಚುವರಿ ಆಟಗಾರರನ್ನು ಕರೆಸಿಕೊಂಡರೆ, ಇವರಿಗೆ ಅದಕ್ಕೆ ದುಡ್ಡು ಮಂಜೂರಾಗಲಿಲ್ಲ. ನನಗೆ ಇವತ್ತಿಗೂ ಇದು ಹೊಟ್ಟೆ ಉರಿಸುವ ವಿಷಯ. ಆ ವರ್ಷ ತವರಿನ 22 ಪಂದ್ಯಗಳನ್ನು ಆಡಿದ್ದು ಸಾನ್ ಹುವಾನ್‌ನಲ್ಲಿ. ಮೂವತ್ತು ವರ್ಷ ಹಿಂದೆ ಚಳಿಗಾಲಗಳಲ್ಲಿ ಮ್ಯಾನೇಜರ್ ಕೆಲಸ ಕಲಿತ ಊರಿಗೆ ಮುದುಕನಾಗಿ ವಾಪಸ್ ಬಂದರು ರಾಬಿನ್ಸನ್. 2005ರಲ್ಲಿ ತಂಡ ವಾಷಿಂಗ್ಟನ್‌ಗೆ ಸ್ಥಳಾಂತರವಾಗಿ ನ್ಯಾಷನಲ್ಸ್ ಆಯಿತು. ಮೊದಲ ವರ್ಷ 81 ಗೆಲುವು, 81 ಸೋಲು.

ಈಗ ನಿಮ್ಮ ಕೊನೆಯ ಪ್ರಶ್ನೆ. ದೊಡ್ಡ ಆಟಗಾರ ಒಳ್ಳೆಯ ಮ್ಯಾನೇಜರ್ ಆಗಬಲ್ಲನೇ? ಅರ್ಲ್ ವೀವರ್ ಮೇಜರ್ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಿದವರಲ್ಲ, ಟಾಮಿ ಲಸೋರ್ಡಾ ಪಿಚರ್ ಆಗಿ ಆಡಿದ್ದು 26 ಪಂದ್ಯ. ಇಬ್ಬರೂ ಮ್ಯಾನೇಜರ್‌ಗಳಾಗಿ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಕಷ್ಟಪಟ್ಟು ಕಲಿತವನಿಗೆ ಕಲಿಸುವುದು ಸುಲಭ. ಸಹಜವಾಗಿ ಬಂದವನಿಗೆ ಬೇರೆಯವರಿಗೆ ಯಾಕೆ ಬರುತ್ತಿಲ್ಲ ಎಂಬುದೇ ತಿಳಿಯುವುದಿಲ್ಲ. ರಾಬಿನ್ಸನ್‌ಗೂ ಕ್ಲೀವ್‌ಲ್ಯಾಂಡ್‌ನಲ್ಲಿ ಆದ ತೊಂದರೆ ಇದೇ. ಪ್ಲೇಆಫ್‌ಗೆ ಅವರು ಯಾವ ತಂಡವನ್ನೂ ಒಯ್ಯಲಿಲ್ಲ. ಆದರೆ ಅವರು ಬದಲಾದರು, ಅದಕ್ಕೆ ಒಂದು ದಿನವನ್ನು ಬೊಟ್ಟು ಮಾಡಿ ತೋರಿಸಬಲ್ಲೆ.

2006ರ ಮೇ 25, ವಾಷಿಂಗ್ಟನ್, ಎದುರಾಳಿ ಹ್ಯೂಸ್ಟನ್. ಖಾಯಂ ಕ್ಯಾಚರ್ ಗಾಯಗೊಂಡಿದ್ದ. ಆ ಜಾಗದಲ್ಲಿ ಮ್ಯಾಟ್ ಲೆಕ್ರಾಯ್, ಒಳ್ಳೆಯ ಮನಸ್ಸಿನ, ನಿಧಾನದ ಕೈಯ ಆಟಗಾರ. ಎದುರಾಳಿಗಳು ಏಳು ಸಲ ಬೇಸ್ ಕದ್ದರು (ಪಿಚರ್ ಚೆಂಡೆಸೆಯುವ ಹೊತ್ತಿನಲ್ಲೇ ಮುಂದಿನ ಬೇಸ್‌ಗೆ ಓಡಿಬಿಟ್ಟರು), ಲೆಕ್ರಾಯ್ ಎಸೆತ ಎರಡು ಸಲ ಗುರಿ ತಪ್ಪಿತು. ಏಳನೇ ಇನಿಂಗ್ಸ್ ಮಧ್ಯದಲ್ಲೇ ರಾಬಿನ್ಸನ್ ಅವರನ್ನು ಹೊರಗೆ ಕರೆಸಿದರು. ಓವರ್ ಮಧ್ಯದಲ್ಲಿ ವಿಕೆಟ್ ಕೀಪರ್‌ನ ಗ್ಲೌಸ್ ಕಿತ್ತು ಬೇರೆಯವನಿಗೆ ಕೊಟ್ಟಂತೆ. ಇನಿಂಗ್ಸ್ ಮುಗಿಯುವ ತನಕ ಕಾಯುವುದು ಮರ್ಯಾದೆ, ಆದರೆ ಕಾದರೆ ಪಂದ್ಯ ಹೋಗುತ್ತಿತ್ತು. ವಾಷಿಂಗ್ಟನ್ 8-5ರಿಂದ ಗೆದ್ದಿತು. ಪಂದ್ಯದ ನಂತರ ಪತ್ರಕರ್ತರ ಮುಂದೆ ಕೂತ ಎಪ್ಪತ್ತರ ರಾಬಿನ್ಸನ್, ಲೆಕ್ರಾಯ್ ಹೆಸರು ಬಂದ ಕೂಡಲೇ ಅತ್ತರು. ತಪ್ಪು ಅವನದಲ್ಲ, ಅವನು ಕೈಲಾದದ್ದೆಲ್ಲ ಮಾಡಿದ ಎಂದರು. 198 ಪೆಟ್ಟು ತಿಂದೂ ಕದಲದ ಮನುಷ್ಯ. ಲೆಕ್ರಾಯ್ ಸಿಟ್ಟಾಗಲಿಲ್ಲ, ನನ್ನ ಅಪ್ಪನೇ ಮ್ಯಾನೇಜರ್ ಆಗಿದ್ದರೂ ಇದನ್ನೇ ಮಾಡುತ್ತಿದ್ದರು ಎಂಬರ್ಥದ ಮಾತು ಹೇಳಿದರು. ಮುಂದೆ ಅವರೂ ನ್ಯಾಷನಲ್ಸ್‌ನ ಕೆಳ ಲೀಗ್ ತಂಡಗಳಿಗೆ ಮ್ಯಾನೇಜರ್ ಆದರು.

ಆ ವರ್ಷದ ಕೊನೆಗೆ ರಾಬಿನ್ಸನ್ ಅವರ ಮ್ಯಾನೇಜರ್ ಕೆಲಸ ಮುಗಿಯಿತು. 2019ರ ಫೆಬ್ರವರಿ 7ರಂದು, 83ನೇ ವಯಸ್ಸಿನಲ್ಲಿ, ಮೂಳೆ ಕ್ಯಾನ್ಸರ್‌ನಿಂದ ತೀರಿಕೊಂಡರು.

ಮೊಮ್ಮಗನನ್ನು ಇನ್ನೊಮ್ಮೆ ಕರೆದುಕೊಂಡು ಹೋಗುವುದಿದ್ದರೆ ಕಡಲೆಕಾಯಿ ಕೊಳ್ಳುವುದನ್ನು ಆಮೇಲಕ್ಕಿಟ್ಟು, ಆಟಕ್ಕೆ ಹತ್ತು ನಿಮಿಷ ಮುಂಚೆಯೇ ಜಾಗದಲ್ಲಿ ಕೂತುಕೊಳ್ಳಿ. ಹೋಮ್ ಪ್ಲೇಟ್ ಹತ್ತಿರ ಅಂಪೈರ್‌ಗಳು ನಿಂತಿರುತ್ತಾರೆ. ಎರಡೂ ಡಗ್‌ಔಟ್‌ಗಳಿಂದ ಒಬ್ಬೊಬ್ಬರು ನಡೆದು ಬಂದು, ಜೇಬಿನಿಂದ ಒಂದು ಕಾಗದ ತೆಗೆದು ಕೊಟ್ಟು, ಕೈಕುಲುಕಿ ವಾಪಸ್ ಹೋಗುತ್ತಾರೆ. ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಹೆಚ್ಚಿನವರು ಇನ್ನೂ ತಮ್ಮ ಸೀಟು ಹುಡುಕುತ್ತಿರುತ್ತಾರೆ. ಪ್ರತಿಮೆಯ ಕೈಯಲ್ಲಿರುವ ಕಾಗದ ಅದೇ ಎಂದು ಅವನಿಗೆ ತೋರಿಸಿ.